ಉಪ್ಪಿನ ಹರಳಿನೊಳಗೆ ಇಬ್ಬರು

ಅಂದಿನ ಪಾಠ, ಕುರ್ಚಿಯ ಮೇಲೆ ಕೂರುವುದು. ನಲವತ್ತರ ಹತ್ತಿರ ಬಂದ ಹೆಂಗಸಿಗೆ ಕೂರುವುದನ್ನೂ ಯಾರಾದರೂ ಕಲಿಸಬೇಕೇ ಎಂದು ಅವಳು ಮನಸ್ಸಿನಲ್ಲೇ ಗೊಣಗಿಕೊಂಡಳು. ಆದರೆ ಕಂಪ್ಯೂಟರಿನೊಳಗಿನ ಆ ಜಗತ್ತಿನಲ್ಲಿ ನಡೆಯುವುದು, ತಿರುಗುವುದು, ಕೂರುವುದು ಎಲ್ಲವನ್ನೂ ಮಗುವಿನ ಹಾಗೆ ಮೊದಲಿಂದ ಕಲಿಯಬೇಕಿತ್ತು. ಪರದೆಯ ಮೇಲೆ ಬಿಳಿ ಕೋಟು ತೊಟ್ಟ ಅವಳ ಗೊಂಬೆ, ಅಂದರೆ ಅವಳ 'ಅವತಾರ', ಗೋಡೆಗೆ ಮೂಗು ತಾಗಿಸಿ ನಿಂತಿತ್ತು.

ಬೆಳಗಿನಿಂದ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿ ಅವಳ ಗಂಟಲು ಒಣಗಿತ್ತು. ಮನೆಗೆ ಬಂದು ಅಮ್ಮನಿಗೆ ಮಾತ್ರೆ ಕೊಟ್ಟು, ಮಂಡಿಗೆ ಎಣ್ಣೆ ತಿಕ್ಕಿ, ಕೈ ತೊಳೆದುಕೊಳ್ಳುವಷ್ಟರಲ್ಲಿ ಸಂಜೆಯ ಕ್ಲಾಸಿನ ಹೊತ್ತು. ಇಂಥ ಜಗತ್ತಿನಲ್ಲಿ ಪಾಠ ಮಾಡುವುದನ್ನು ಕಲಿಸುವ ಈ ಕೋರ್ಸ್ ಪಾಸಾದ ವಿಜ್ಞಾನ ಟೀಚರುಗಳಿಗೆ ಮುಂದಿನ ವರ್ಷದಿಂದ ಆನ್‌ಲೈನ್ ತರಗತಿಗಳು ಸಿಗುತ್ತಿದ್ದವು. ಮನೆಯಿಂದಲೇ ಪಾಠ ಮಾಡಬಹುದಿತ್ತು. ಅಮ್ಮನನ್ನು ದಿನವಿಡೀ ಒಬ್ಬರನ್ನೇ ಬಿಟ್ಟು ಹೋಗುವುದು ಇನ್ನು ಸಾಧ್ಯವಿರಲಿಲ್ಲ. ಅದಕ್ಕೇ ಅವಳು ಈ ಗೊಂಬೆಯಾಟಕ್ಕೆ ಒಪ್ಪಿದ್ದಳು.

"ಕುರ್ಚಿ ಮೇಲೆ ಮೌಸ್ ಇಟ್ಟು ಕ್ಲಿಕ್ ಮಾಡಿ. 'ಕೂರು' ಅಂತ ಬರತ್ತೆ, ಒತ್ತಿ," ಎಂದರು ಕೋರ್ಸ್ ನಡೆಸುವ ಮೇಡಂ.

ಅವಳು ಒತ್ತಿದಳು. ಅವಳ ಅವತಾರ ಒಂದು ಗಿರಕಿ ಹೊಡೆದು, ಅರ್ಧ ಹಾಲ್ ಹಾರಿ ದಾಟಿ, ಮುಂದಿನ ಸಾಲಿನಲ್ಲಿ ಆಗಲೇ ಕೂತಿದ್ದ ನೀಲಿ ಕೋಟಿನ ಗಂಡಸಿನ ತೊಡೆಯ ಮೇಲೆ ಹೋಗಿ ಕೂತಿತು.

ಹೆಡ್‌ಫೋನಿನಲ್ಲಿ ನಗೆಯ ಅಲೆ ಎದ್ದಿತು.

"ಅಯ್ಯೋ, ಸಾರಿ ಸರ್! ಏಳೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಸರ್, ಕೇಳಿಸ್ತಾ? ಸಾರಿ!"

ಆತನಿಂದ ಉತ್ತರವಿಲ್ಲ. ತಲೆಯ ಮೇಲೆ 'ಲೋಲಕ' ಎಂಬ ಹೆಸರು ಮಾತ್ರ ತೇಲುತ್ತಿತ್ತು. ಎಲ್ಲರೂ ಒಂದೊಂದು ಅಡ್ಡಹೆಸರು ಇಟ್ಟುಕೊಳ್ಳಬೇಕಿತ್ತು, ಅವಳದ್ದು 'ಲಿಟ್ಮಸ್'. ಅವಳು ಮತ್ತೆ ಕ್ಷಮೆ ಕೇಳಿದಳು. ಕೊನೆಗೆ ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡಿದವು: "ಪರವಾಗಿಲ್ಲ ಮೇಡಂ. ಭಾರವೇನೂ ಇಲ್ಲ."

ಇನ್ನೊಮ್ಮೆ ನಗೆ. ದಿನದ ಆಯಾಸವೆಲ್ಲ ಅವಳ ನಾಲಿಗೆಗೆ ಬಂತು.

"ಇಷ್ಟು ಸಾರಿ ಕೇಳ್ತಿದ್ದೀನಿ, ಒಂದು ಮಾತಾಡೋಕೆ ಬಾಯಿಲ್ವಾ ನಿಮಗೆ?"

ನಗೆ ಥಟ್ಟನೆ ನಿಂತಿತು. ಉಳಿದವರಿಗೆ ಗೊತ್ತಿದ್ದದ್ದು, ಮೊದಲ ಕ್ಲಾಸ್ ತಪ್ಪಿಸಿಕೊಂಡಿದ್ದ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಮೇಡಂ ಕೆಮ್ಮಿ, ಮುಂದಿನ ಪಾಠಕ್ಕೆ ಹೋದರು.

*

ಮುಂದಿನ ಕ್ಲಾಸಿನಲ್ಲಿ ನಡಿಗೆಯ ಅಭ್ಯಾಸ. ಕ್ಲಾಸು ನಡೆಯುತ್ತಿದ್ದ 'ಕಲಿಕೆಯ ದ್ವೀಪ'ದ ಸುತ್ತ ಒಂದು ಸುತ್ತು ಬರಬೇಕಿತ್ತು. ಅವಳು ಬಾಣದ ಕೀ ಒತ್ತಿಕೊಂಡೇ ಒಂದು ಆಕಳಿಕೆ ತೆಗೆದಳು. ಕಣ್ಣು ಬಿಟ್ಟಾಗ ಅವತಾರ ಸಮುದ್ರದ ತಳದಲ್ಲಿ ನಿಂತಿತ್ತು.

ಅಮ್ಮ ಪಕ್ಕದ ಮಂಚದಿಂದ ಇಣುಕಿದರು. "ಏನೇ ಇದು ನಿನ್ನ ಅವತಾರ?"

"ಅವತಾರವೇ ಅಮ್ಮ. ಮುಳುಗಿಬಿಟ್ಟಿದೆ."

ನೀರಿನಲ್ಲಿ ನೀಲಿ ಕೋಟೊಂದು ಮೆಲ್ಲಗೆ ಇಳಿದು ಬಂತು. ಅಕ್ಷರಗಳು ಒಂದೊಂದಾಗಿ ಬಂದವು. "ಗಾಬರಿ ಬೇಡ. ಇಲ್ಲಿ ಉಸಿರು ಕಟ್ಟಲ್ಲ. ಪೇಜ್ ಅಪ್ ಕೀ ಒತ್ತಿ ಹಿಡಿದುಕೊಳ್ಳಿ, ಹಾರ್ತೀರಿ."

ಅವಳು ಒತ್ತಿದಳು. ಇಬ್ಬರೂ ಒಟ್ಟಿಗೆ ನೀರಿನಿಂದ ಮೇಲೆದ್ದು ಬೆಳಕಿಗೆ ಬಂದರು.

"ಥ್ಯಾಂಕ್ಸ್ ಸರ್. ಆವತ್ತು ನಾನು ಸ್ವಲ್ಪ ಒರಟಾಗಿ ಮಾತಾಡಿದೆ. ಆದ್ರೂ ನೀವು ಮೈಕಲ್ಲೇ ಹೇಳಬಹುದಲ್ವಾ? ಇಷ್ಟೆಲ್ಲ ಟೈಪ್ ಮಾಡೋದು ಕಷ್ಟ ಅಲ್ವಾ?"

ಅಕ್ಷರಗಳು ಮತ್ತೆ ಮೂಡತೊಡಗಿದವು.

"ಬಾಯಿದೆ ಮೇಡಂ. ದನಿ ಇಲ್ಲ. ಗಂಟಲಿನ ಆಪರೇಷನ್ ಆಯ್ತು, ಬರೀ ಪಿಸುಮಾತು ಉಳೀತು. ಭೌತಶಾಸ್ತ್ರ ಹೇಳ್ತಿದ್ದೆ. ಹಿಂದಿನ ಬೆಂಚಿಗೆ ಕೇಳಿಸಲ್ಲ ಅಂತ ನನ್ನನ್ನ ಲೈಬ್ರರಿಗೆ ಹಾಕಿದ್ದಾರೆ. ಇಲ್ಲಿ ಟೈಪ್ ಮಾಡಿ ಪಾಠ ಮಾಡಬಹುದು ಅಂತ ಸೇರಿಕೊಂಡೆ."

ಅವಳ ಬೆರಳು ಕೀ ಮೇಲಿಂದ ಜಾರಿತು. ಗಾಳಿಯಲ್ಲಿದ್ದ ಅವತಾರ ದೊಪ್ಪನೆ ಮರಳಿನ ಮೇಲೆ ಬಿತ್ತು. ನಾಚಿಕೆಯಿಂದ ನೆಲಕ್ಕಿಳಿದುಹೋಗುವುದು ಎಂದರೆ ಇದೇ ಇರಬೇಕು.

"ನನ್ನ ಬಾಯಿಗೆ ಬೆಂಕಿ ಬೀಳ," ಎಂದಳು ಸಣ್ಣಗೆ.

"ಬೇಡ. ನಿಮ್ಮ ದನಿಯಾದರೂ ಇರಲಿ. ಕೇಳೋಕೆ ಚೆನ್ನಾಗಿದೆ."

*

ಕೊನೆಯ ಪರೀಕ್ಷೆಗೆ ಜೋಡಿಯಾಗಿ ಒಂದು ಪಾಠ ಕಟ್ಟಬೇಕಿತ್ತು. ಅವನೇ ಕೇಳಲಿ ಎಂದು ಅವಳು ಕಾದಳು; ಅವಳೇ ಕೇಳಲಿ ಎಂದು ಅವನು. ಕಡೆಗೆ ಉಳಿದವರೆಲ್ಲ ಜೋಡಿಯಾಗಿ, ಇವರಿಬ್ಬರೇ ಉಳಿದರು.

ಉಪ್ಪಿನ ಹರಳನ್ನು ಕಟ್ಟೋಣ ಎಂದಳು ಅವಳು. ಮಕ್ಕಳು ಒಳಗೆ ನಡೆದಾಡುವಷ್ಟು ದೊಡ್ಡ ಹರಳು. ನೇರಳೆ ಗೋಲ ಸೋಡಿಯಂ, ಹಸಿರು ಗೋಲ ಕ್ಲೋರಿನ್. ಮಕ್ಕಳೇ ನೀರಾಗಿ ಬಂದು ಒಂದೊಂದು ಗೋಲವನ್ನು ಸುತ್ತುವರಿದು ಹೊತ್ತೊಯ್ಯಬೇಕು. ಉಪ್ಪು ಕರಗುವುದನ್ನು ಅವರು ಒಳಗಿನಿಂದಲೇ ನೋಡಬೇಕು.

ಅವಳು ಹೇಳುತ್ತಾ ಹೋದಳು, ಅವನು ಕಟ್ಟುತ್ತಾ ಹೋದ. ದಿನವಿಡೀ ಗದ್ದಲದಲ್ಲಿ ಕಿರುಚಿ ಬಂದವಳಿಗೆ ಆ ಮೌನದ ಜೊತೆ ತಂಪೆನಿಸುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಯಾರೋ ಅವಳ ಮಾತಿಗೆ ಅಡ್ಡ ಬಾರದೆ ಕೇಳುತ್ತಿದ್ದರು.

ಒಂದು ಸಂಜೆ ಅವನು ಬೋರ್ಡಿನ ಮೇಲೆ ಚಿತ್ರ ತೂಗುಹಾಕುತ್ತಿದ್ದ. ಅವಳು ನೀಲಿ ಕೋಟಿನ ಭುಜವನ್ನೂ, ಕೆಲಸದಲ್ಲಿ ಬಾಗಿದ ಕತ್ತನ್ನೂ ನೋಡುತ್ತಾ ಕೂತಿದ್ದಳು. ಗೊಂಬೆಯದ್ದೇ ಕತ್ತು, ಆದರೂ ನೋಡಬೇಕೆನಿಸುತ್ತಿತ್ತು.

"ಮೇಡಂ, ಬೋರ್ಡು ಈ ಕಡೆ ಇದೆ."

"ಗೊತ್ತು. ಬೋರ್ಡನ್ನೇ ನೋಡ್ತಿದ್ದೀನಿ."

"ಕ್ಲಾಸಿನಲ್ಲಿ ಹೇಳಿದ್ದು ಮರೆತಿರಾ? ಮೌಸ್ ಎಲ್ಲಿರತ್ತೋ ಅವತಾರದ ಕಣ್ಣು ಅಲ್ಲಿಗೇ ಹೋಗತ್ತೆ."

ಅವಳು ಹಾವು ತುಳಿದವಳಂತೆ ಮೌಸಿನಿಂದ ಕೈ ತೆಗೆದಳು. ಅವಳ ಅವತಾರ ಮಾತ್ರ ಅವನನ್ನೇ ನೆಟ್ಟ ನೋಟದಿಂದ ನೋಡುತ್ತಾ ಉಳಿಯಿತು.

"ಲಿಟ್ಮಸ್ ಕೆಂಪಾಯ್ತಾ?"

"ನಿಮ್ಮ ಕೆಲಸ ನೋಡ್ಕೊಳ್ಳಿ ಸರ್," ಎಂದಳು, ನಗು ತಡೆಯಲಾರದೆ.

ಅಮ್ಮ ಮಗ್ಗುಲು ಬದಲಿಸಿದರು. "ಆ ಕಡೆಯಿಂದ ಯಾರೂ ಮಾತಾಡಲ್ಲ, ನೀನೊಬ್ಬಳೇ ಮಾತಾಡ್ತೀಯ, ನೀನೊಬ್ಬಳೇ ನಗ್ತೀಯ. ಡಾಕ್ಟರಿಗೆ ನನ್ನ ತೋರಿಸೋದೋ, ನಿನ್ನ ತೋರಿಸೋದೋ?"

"ಜೊತೆಗೊಬ್ಬರು ಮೇಷ್ಟ್ರು ಇದ್ದಾರಮ್ಮ."

"ನೋಡೋಕೆ ಹೇಗಿದ್ದಾನೆ?"

"ಗೊತ್ತಿಲ್ಲಮ್ಮ," ಎಂದಳು. ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಅವಳಿಗೆ ಆವರೆಗೆ ಹೊಳೆದೂ ಇರಲಿಲ್ಲ.

ಪರೀಕ್ಷೆ ಹತ್ತಿರವಾದಂತೆ ಸ್ಕೂಲಿನಲ್ಲಿ ಉತ್ತರಪತ್ರಿಕೆಗಳ ರಾಶಿಯೂ ಬಿತ್ತು. ಒಂದು ಸಂಜೆ, "ಈ ಹಸಿರು ಸಾಲು ನಾನೇ ಮುಗಿಸ್ತೀನಿ," ಎಂದವಳು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಎಚ್ಚರವಾದಾಗ ಕೆನ್ನೆಯ ಮೇಲೆ ಕೀಬೋರ್ಡಿನ ಗುರುತು. ಹೆಚ್ಚು ಹೊತ್ತು ಕೀ ಮುಟ್ಟದಿದ್ದರೆ ಅವತಾರವೂ ತಲೆ ಬಾಗಿಸಿ ತೂಕಡಿಸುತ್ತದೆ. ಅವಳದ್ದು ಹಾಗೆಯೇ ತೂಕಡಿಸುತ್ತಿತ್ತು. ಅದರ ಪಕ್ಕದಲ್ಲಿ ನೀಲಿ ಕೋಟು ಸುಮ್ಮನೆ ಕೂತಿತ್ತು. ಅವಳ ಪಾಲಿನ ಹಸಿರು ಗೋಲಗಳೆಲ್ಲ ಸಾಲಾಗಿ ಜೋಡಣೆಯಾಗಿದ್ದವು.

"ಎಬ್ಬಿಸಬಾರದಿತ್ತಾ?"

"ಹೇಗೆ ಎಬ್ಬಿಸಲಿ? ಕೂಗೋಕೆ ಬರಲ್ವಲ್ಲ," ಎಂದು ಬಂತು. ಸ್ವಲ್ಪ ತಡೆದು ಇನ್ನೊಂದು ಸಾಲು: "ಬಂದಿದ್ದರೂ ಎಬ್ಬಿಸ್ತಿರಲಿಲ್ಲ."

ಅವಳಿಗೆ ಅಳು ಬಂತು. ಏಕೆಂದು ಕೇಳಿದ್ದರೆ ಸುಸ್ತು ಎನ್ನುತ್ತಿದ್ದಳು.

*

ಪರೀಕ್ಷೆಯ ಸಂಜೆ ಹರಳಿನ ಹೊರಗೆ ಪರೀಕ್ಷಕರ ಅವತಾರಗಳೂ, ವಿದ್ಯಾರ್ಥಿಗಳಾಗಿ ಉಳಿದ ಟೀಚರುಗಳೂ ನೆರೆದಿದ್ದರು. ಮಾತು ಅವಳದು, ಗೋಲಗಳ ಚಲನೆ ಅವನದು ಎಂದು ಹಂಚಿಕೆಯಾಗಿತ್ತು. ಅವಳು ಎಲ್ಲರನ್ನೂ ಹರಳಿನ ಒಳಗೆ ಕರೆದೊಯ್ದು, "ಈಗ ನೀವೆಲ್ಲ ನೀರು," ಎಂದಳು ಅಷ್ಟೆ. ಬಚ್ಚಲಿನಿಂದ ದಡಾರನೆ ಸದ್ದು ಬಂತು. ಹಿಂದೆಯೇ ಅಮ್ಮನ ಚೀರು.

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆಸೆದು ಓಡಿದಳು.

ಅಮ್ಮ ಒದ್ದೆ ನೆಲದ ಮೇಲೆ ಕೂತಿದ್ದರು. ಮೊಣಕೈ ತರಚಿತ್ತು. "ನಿನಗೆ ತೊಂದರೆ ಯಾಕೆ ಅಂತ ನಾನೇ ಬಂದೆ ಕಣೇ," ಎಂದು ಮಗುವಿನಂತೆ ಅತ್ತರು. ಅವಳು ಕಂಕುಳಲ್ಲಿ ಕೈಹಾಕಿ ಎತ್ತಿ, ಸೀರೆ ಬದಲಿಸಿ, ಗಾಯ ತೊಳೆದು, ಮಂಚದ ಮೇಲೆ ಮಲಗಿಸಿದಳು. ಮೂಳೆಗೇನೂ ಆಗಿರಲಿಲ್ಲ. ಸೊಂಟ ಹಿಡಿದುಕೊಂಡು ಗೋಡೆಗೊರಗಿ ನಿಂತಾಗ ಪರೀಕ್ಷೆಯ ನೆನಪಾಯಿತು. ಮುಗಿಯಿತು, ಎಂದುಕೊಂಡಳು. ತನ್ನದಷ್ಟೇ ಆಗಿದ್ದರೆ ಸರಿ, ಅವನದನ್ನೂ ಹಾಳುಮಾಡಿದೆ.

ಕ್ಷಮೆ ಕೇಳಲೆಂದೇ ಹೆಡ್‌ಫೋನ್ ಕಿವಿಗಿಟ್ಟುಕೊಂಡಳು.

ಕಿವಿಯ ಒಳಗೇ ಯಾರೋ ಪಿಸುಗುಡುತ್ತಿದ್ದರು. ಒರಟಾದ, ಉಸಿರೇ ಹೆಚ್ಚಿದ್ದ, ನಡುನಡುವೆ ಹರಿದು ಮತ್ತೆ ಕೂಡಿಕೊಳ್ಳುವ ಪಿಸುಮಾತು.

"...ನಮ್ಮ ಟೀಚರ್ ಹೇಳೋ ಹಾಗೆ, ಕರಗೋದು ಅಂದ್ರೆ ಇಲ್ಲವಾಗೋದಲ್ಲ ಮಕ್ಕಳೇ. ನೋಡಿ, ನೀವು ಹೊತ್ತುಕೊಂಡು ಹೋದ ಒಂದೊಂದು ಗೋಲವೂ ನಿಮ್ಮ ನಡುವೆಯೇ ಇದೆ..."

ಅವನು ಟೈಪ್ ಮಾಡಬಹುದಿತ್ತು. ಆದರೆ ಗೋಲಗಳನ್ನು ನಡೆಸಲು ಎರಡೂ ಕೈ ಬೇಕಿತ್ತು. ಅದಕ್ಕೇ ಯಾರಿಗೂ ಕೇಳಿಸಬಾರದೆಂದು ಇಷ್ಟು ದಿನ ಮುಚ್ಚಿಟ್ಟಿದ್ದ ದನಿಯನ್ನು ಅವನು ಮೈಕಿಗೆ ಕೊಟ್ಟಿದ್ದ. ಸುತ್ತಲಿನ ಅವತಾರಗಳೆಲ್ಲ ಅವನ ಕಡೆಗೇ ತಿರುಗಿದ್ದವು. ಮೈಕಿಗೆ ಪಿಸುಮಾತು ಸಾಕಾಗಿತ್ತು. ಹಿಂದಿನ ಬೆಂಚು ಎಂಬುದೇ ಅಲ್ಲಿರಲಿಲ್ಲ.

ಅವಳು ಮೇಜಿಗೆ ಮೊಣಕೈಯೂರಿ, ಕಣ್ಣು ಮುಚ್ಚಿ, ಪಾಠ ಮುಗಿಯುವವರೆಗೂ ಕೇಳಿದಳು.

ಎಲ್ಲರೂ ಹೋದ ಮೇಲೆ ಹರಳಿನಲ್ಲಿ ಇಬ್ಬರೇ ಉಳಿದರು. "ಅಮ್ಮ ಹೇಗಿದ್ದಾರೆ? ಚೀರಿದ್ದು ಕೇಳಿಸ್ತು," ಎಂದು ಅಕ್ಷರಗಳು ಮೂಡಿದವು.

"ಚೆನ್ನಾಗಿದ್ದಾರೆ. ಟೈಪ್ ಮಾಡಬೇಡಿ ಸರ್."

"ಯಾಕೆ?"

"ಬಾಯಿದೆಯಲ್ಲ," ಎಂದಳು. "ಮಾತಾಡಿ. ನನಗೆ ಬೇಕು."

ಹೆಡ್‌ಫೋನಿನಲ್ಲಿ ಒಂದು ಉಸಿರು, ಹಿಂದೆಯೇ ಪಿಸುಮಾತು. "ಏನು ಮಾತಾಡಲಿ? ರೂಢಿ ತಪ್ಪಿದೆ."

"ಏನಾದ್ರೂ. ಬೆಳಗ್ಗೆ ಏನು ತಿಂದ್ರಿ, ಅದನ್ನೇ ಹೇಳಿ."

ಅವನು ನಕ್ಕ. ಆ ನಗುವಿಗೆ ಸದ್ದಿರಲಿಲ್ಲ, ಬರೀ ಗಾಳಿ. ಆದರೂ ಅವಳಿಗೆ ಗೊತ್ತಾಯಿತು.

*

ಇಬ್ಬರೂ ಪಾಸಾದರು. ಅದರ ಮುಂದಿನ ಭಾನುವಾರ ಅವನು ಬಸ್ಸು ಹತ್ತಿ ಅವಳ ಊರಿಗೆ ಬಂದ. ಬಾಗಿಲು ತೆರೆದರೆ ನೀಲಿ ಕೋಟಿಲ್ಲ. ಸುಕ್ಕಾದ ಅಂಗಿ, ಕಿವಿಯ ಪಕ್ಕ ನರೆಗೂದಲು, ಕತ್ತಿನಲ್ಲಿ ಮಾಸಿದ ಗಾಯದ ಗೆರೆ. ಕಣ್ಣಿನ ಕೆಳಗೆ ತನ್ನದರಂಥದೇ ಕಪ್ಪು. ಅವಳು ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು. ಅವನು ಅವಳನ್ನು ನೋಡಿದ. ಮೌಸಿಲ್ಲದೆಯೂ ಆ ಕಣ್ಣು ಎಲ್ಲಿ ನಿಂತಿದೆಯೆಂದು ಚೆನ್ನಾಗಿ ತಿಳಿಯುತ್ತಿತ್ತು.

"ಬನ್ನಿ, ಟೀ ಮಾಡ್ತೀನಿ," ಎಂದು ಅಡುಗೆಮನೆಗೆ ಓಡಿದಳು.

ಹಾಲು ಒಲೆಯ ಮೇಲಿಟ್ಟಾಗ ಹೊರಗಿನಿಂದ ಅಮ್ಮನ ಮಾತು ಮಾತ್ರ ಕೇಳಿಸುತ್ತಿತ್ತು. "ಏನಪ್ಪಾ? ಹತ್ತಿರ ಬಾ... ಇನ್ನೂ ಹತ್ತಿರ... ಹಾಂ, ಈಗ ಹೇಳು." ಆಮೇಲೆ ಇಡೀ ಬೀದಿಗೆ ಕೇಳುವಂತೆ: "ಅಯ್ಯೋ, ನನ್ನ ಯಾಕಪ್ಪಾ ಕೇಳ್ತೀಯ? ಮದುವೆ ಆಗಬೇಕಾದವಳು ಅವಳು, ಅವಳನ್ನೇ ಕೇಳು! ಏ, ಬಾರೇ ಇಲ್ಲಿ!"

ಅವಳು ಸೌಟು ಹಿಡಿದೇ ಹೊರಬಂದಳು. ಅವನು ಎದ್ದು ನಿಂತಿದ್ದ, ಕಿವಿಯೆಲ್ಲ ಕೆಂಪು.

"ಜೋರಾಗಿ ಹೇಳೋಕೆ ಬರಲ್ಲ," ಎಂದಿತು ಪಿಸುಮಾತು.

ಅವಳೇ ಹತ್ತಿರ ಹೋದಳು. ಅವನ ಉಸಿರು ಕಿವಿಗೆ ತಾಗಿತು.

"ನಿಮಗೂ ಸುಸ್ತಾಗಿದೆ. ನನಗೂ. ಒಂದೇ ಮನೇಲಿ ಸುಸ್ತಾಗೋಣ್ವಾ?"

ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು.

ಅವಳು ಓಡಹೊರಟಾಗ ಅವನು ಅವಳ ಕೈಯಿಂದ ಸೌಟು ತೆಗೆದುಕೊಂಡ. ಕುರ್ಚಿಯ ಕಡೆ ಕಣ್ಣಿನಲ್ಲೇ ತೋರಿಸಿ ಒಳಗೆ ನಡೆದ. ಅವಳು ಕೂತಳು. ಅಡುಗೆಮನೆಯಲ್ಲಿ ಅವನು ಸಕ್ಕರೆ ಡಬ್ಬಿ ಹುಡುಕುತ್ತಾ ಒಂದೊಂದೇ ಮುಚ್ಚಳ ತೆಗೆಯುವ ಸದ್ದು ಕೇಳುತ್ತಿತ್ತು. ಎಲ್ಲಿದೆಯೆಂದು ಅವಳು ಹೇಳಲಿಲ್ಲ. ಅವನಿಗೆ ಸಿಗುವವರೆಗೂ ಕಣ್ಣು ಮುಚ್ಚಿ ಕೂತಿದ್ದಳು.