ಮೂರನೇ ಮಾಳಿಗೆಯ ಪ್ರೇಕ್ಷಕ

ಮುಂಬಯಿಯ ಮಾಟುಂಗಾದ ಆ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಮ್ಯಾಚ್ ಇದ್ದ ಸಂಜೆ ಹುಡುಗಿಯರಿಗೆಂದೇ ಎರಡು ಬೆಂಚು ಹಾಕುತ್ತಿದ್ದರು. ಬಿಸಿಲು ನೇರ ಕಣ್ಣಿಗೆ ಹೊಡೆಯುವ ಜಾಗ. ಶೀಲಾವತಿ ಮತ್ತವಳ ಗೆಳತಿಯರು ಕೊಡೆ ಬಿಡಿಸಿ, ಹುರಿಗಡಲೆ ಮೆಲ್ಲುತ್ತಾ ಅಲ್ಲಿ ಕೂರುತ್ತಿದ್ದರು. ಹುಡುಗರಿಗೆ ಕಾಂಪೌಂಡ್ ಗೋಡೆಯೇ ಸಿಂಹಾಸನ.

ಪ್ರಫುಲ್ಲಾ ಮಾತ್ರ ಕೂರುವವಳಲ್ಲ. ಅವಳ ಜಾಗ ರಿಂಗಿನ ಕಂಬದ ಹಿಂದೆ, ಸುಣ್ಣದ ಗೆರೆಯಿಂದ ಒಂದು ಹೆಜ್ಜೆ ಆಚೆ. ಚೆಂಡು ಬೋರ್ಡಿಗೆ ಬಡಿದರೆ ತನ್ನ ಎದೆಯಲ್ಲಿ ಧಡ್ ಎನ್ನಬೇಕು. ಆಡುವವರ ಉಸಿರು ಕೇಳಬೇಕು.

"ದೂರ ಕೂತು ಮ್ಯಾಚ್ ನೋಡುವುದೆಂದರೆ ಊಟದ ವಾಸನೆ ಕುಡಿದು ಎದ್ದ ಹಾಗೆ" ಎನ್ನುತ್ತಿದ್ದಳು.

ಟೀಮಿನ ಕ್ಯಾಪ್ಟನ್ ಅಣ್ಣು ಅವಳ ಸ್ವಂತ ಅಣ್ಣ. ಹಾಗಾಗಿ ಅವಳನ್ನು ಅಲ್ಲಿಂದ ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಸಂಜೆ ಶೀಲಾವತಿ ಬೆಂಚಿನಿಂದ ಎದ್ದು ಬಂದು ಕಿವಿಯಲ್ಲಿ ಉಸುರಿದಳು. "ಎದುರು ಚಾಳ್ ನೋಡು. ಮೂರನೇ ಮಾಳಿಗೆ. ಪ್ರತಿ ಮ್ಯಾಚಿಗೂ ಆ ಮನುಷ್ಯ ಗ್ಯಾಲರಿಯಲ್ಲಿ ಕೂತು ಈ ಕಡೆಗೇ ನೋಡ್ತಾನೆ ಮಾರಾಯ್ತಿ."

ಪ್ರಫುಲ್ಲಾ ಕತ್ತೆತ್ತಿದಳು. ರಸ್ತೆಯಾಚೆ ಸಾಲುಮನೆಗಳ ಹಳೆಯ ಕಟ್ಟಡ; ಅದರ ಮೊಗಸಾಲೆಯಲ್ಲಿ, ಒಣಗಲು ಹಾಕಿದ ಸೀರೆಗಳ ನಡುವೆ ಬಿಳಿ ಶರ್ಟಿನ ಒಬ್ಬ ತರುಣ. ಕಟಕಟೆಯ ಮೇಲೆ ಗದ್ದ ಊರಿದ್ದಾನೆ. ಕಣ್ಣಿಗೆ ಕಣ್ಣು ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ದೃಷ್ಟಿ ತಪ್ಪಿಸುತ್ತಿದ್ದರು. ಈತ ಕೈ ಎತ್ತಿ ಬೀಸಿದ! ಒಮ್ಮೆಯಲ್ಲ, ಮತ್ತೆ ಮತ್ತೆ, ಅವಸರದಿಂದ.

"ಎಂತ ಸೊಕ್ಕು!" ಅವಳು ಸೊಂಟಕ್ಕೆ ಕೈಯಿಟ್ಟು ದುರುಗುಟ್ಟಿದಳು. ಆ ಕ್ಷಣವೇ ಎದುರು ಟೀಮಿನ ಧಡೂತಿ ಹುಡುಗನೊಬ್ಬ ಓಟ ನಿಲ್ಲಿಸಲಾಗದೆ ಬಂದು ಅವಳಿಗೇ ಅಪ್ಪಳಿಸಿದ. ಪ್ರಫುಲ್ಲಾ ನೆಲಕ್ಕೆ ಬಿದ್ದಳು. ಎಡಗೈಯ ಬಳೆಗಳು ಚೂರಾದವು.

ಎದ್ದವಳು ಸೆರಗಿನ ಧೂಳು ಕೊಡವಿ ನೇರ ಚಾಳ್‌ನತ್ತ ನಡೆದಳು. ಅವನು ಕೈ ಬೀಸದಿದ್ದರೆ ತಾನು ಬೀಳುತ್ತಿರಲಿಲ್ಲ ಎಂಬುದು ಅವಳ ಲೆಕ್ಕ.

ಮರದ ಮೆಟ್ಟಿಲು ಹತ್ತಿ ಬಾಗಿಲು ಬಡಿದರೆ, ಇಳಕಲ್ ಸೀರೆಯ ಒಬ್ಬ ಹೆಂಗಸು ತೆರೆದರು.

"ಯಾರವ್ವಾ ತಂಗಿ?"

"ಗ್ಯಾಲರಿಯಲ್ಲಿ ಕೂತವರ ಹತ್ತಿರ ಎರಡು ಮಾತು ಆಡಬೇಕಿತ್ತು."

ಗ್ಯಾಲರಿಗೆ ಬಂದ ಪ್ರಫುಲ್ಲಾಳ ಬೈಗುಳ ಅರ್ಧ ಗಂಟಲಲ್ಲೇ ನಿಂತಿತು. ಆತನ ಬಲಗಾಲು ಒಂದು ಸ್ಟೂಲಿನ ಮೇಲೆ ನೇರ ಚಾಚಿತ್ತು. ಪಕ್ಕದಲ್ಲಿ ಕೋಲು. ಅವಳನ್ನು ಕಂಡು ಆತ ಏಳಲು ಹೋಗಿ, ಕುರ್ಚಿಯ ಕೈ ಹಿಡಿದು ಮತ್ತೆ ಕೂತ.

"ಕೈ ಬೀಸಿ ಕರೆದದ್ದು ಯಾಕೆ?" ಉಳಿದ ಅರ್ಧ ಸಿಟ್ಟಿನಲ್ಲಿ ಕೇಳಿದಳು.

"ಕರೀಲಿಲ್ರೀ. ಬಾಜೂಕ ಸರೀರಿ, ಸರೀರಿ ಅಂದೆ. ಆ ಹುಡುಗ ಓಡಿ ಬರೋ ರೀತಿ ನೋಡಿದ್ರ, ಗೆರಿ ಮುಂದ ನಿಲ್ಲಾಂವ ಅಲ್ಲ ಅನಸ್ತು. ಮ್ಯಾಲಿಂದ ಎಲ್ಲಾ ಮೊದಲ ಕಾಣ್ತದ." ಆತ ಅವಳ ಬರಿಗೈ ನೋಡಿದ. "ಬಳಿ ಒಡದ್ವು?"

"ಒಡೆಯಿತು."

"ಜ್ವಾಕಿ ಇರಬೇಕ್ರೀ. ಕಂಬಕ್ಕ ಕಾಲಿಲ್ಲ, ಅದು ನಿಲ್ಲೂದು ಸರಿ. ನಿಮಗ ಅದಾವಲ್ಲ?"

ನಗಬಾರದೆಂದು ತುಟಿ ಬಿಗಿದರೂ ಪ್ರಫುಲ್ಲಾಗೆ ನಗು ಬಂದುಬಿಟ್ಟಿತು. ಅಷ್ಟರಲ್ಲಿ ಆ ತಾಯಿ, ಕಾಶವ್ವ, ಚಹಾ ತಂದರು. "ಗದಿಗೆಪ್ಪಾ, ಕಾಲು ಕೆಳಗ ಬಿಡಬ್ಯಾಡ" ಎಂದು ಮಗನಿಗೆ ಗದರಿದರು.

ಗದಿಗೆಪ್ಪ.

ಪ್ರಫುಲ್ಲಾ ಚಹಾದ ಲೋಟ ಕೆಳಗಿಟ್ಟಳು. ಆ ಹೆಸರು ಅವಳಿಗೆ ಗೊತ್ತಿತ್ತು. ಅವಳು ಕಾಲೇಜು ಸೇರುವ ಮುಂಚಿನ ವರ್ಷ ಟೀಮಿನಲ್ಲಿ ಅಣ್ಣುವಿನ ಜೋಡಿಯಾಗಿ ಆಡುತ್ತಿದ್ದವನು. ಪ್ರಾಕ್ಟೀಸಿನಲ್ಲಿ ಒಂದೇ ಚೆಂಡಿಗೆ ಇಬ್ಬರೂ ಹಾರಿದ್ದರು. ಅಣ್ಣು ಅವನ ಮೊಣಕಾಲಿನ ಮೇಲೆ ಬಿದ್ದಿದ್ದ. ಆಮೇಲೆ ಮನೆಯಲ್ಲಿ ಅಣ್ಣು ಆ ಹೆಸರು ಎತ್ತಿದ್ದೇ ಇಲ್ಲ.

"ನಾನು ಅಣ್ಣುವಿನ ತಂಗಿ" ಎಂದಳು ಮೆಲ್ಲಗೆ.

"ಗೊತ್ತದ. ಅಂವ ಬಾಸ್ಕೆಟ್ ಹಾಕಿದಾಗೆಲ್ಲ ನೀವು ಹೆಂಗ ಜಿಗೀತೀರಿ ಅಂದ್ರ, ತಂಗಿ ಅಲ್ಲದ ಮತ್ಯಾರು ಹಂಗ ಜಿಗೀತಾರ?" ಅವನ ದನಿಯಲ್ಲಿ ಕಹಿ ಇರಲಿಲ್ಲ. "ಒಂದು ಸಲ ಇಲ್ಲಿ ಕೂತು ನೋಡ್ರಿ. ಇನ್ನೂ ಮ್ಯಾಚ್ ಮುಗದಿಲ್ಲ."

ಅವಳು ಕಟಕಟೆಗೆ ಬಂದಳು. ಕೆಳಗಿನ ಕೋರ್ಟು ಅಂಗೈಯಷ್ಟು ಚಿಕ್ಕದಾಗಿ, ಸ್ಪಷ್ಟವಾಗಿ ಕಂಡಿತು. ಯಾರು ಯಾರಿಗಾಗಿ ದಾರಿ ಬಿಡುತ್ತಿದ್ದಾರೆ, ಯಾವ ಮೂಲೆ ಖಾಲಿಯಾಗುತ್ತಿದೆ, ಎಲ್ಲವೂ. "ಎಡಕ್ಕ ಕೊಡು, ಎಡಕ್ಕ" ಎಂದು ಗದಿಗೆಪ್ಪ ತನ್ನಷ್ಟಕ್ಕೇ ಗೊಣಗಿದ. ಮರುಕ್ಷಣ ಅಣ್ಣು ಎಡಕ್ಕೇ ಪಾಸ್ ಕೊಟ್ಟ. ಬಾಸ್ಕೆಟ್!

ಪ್ರಫುಲ್ಲಾ ಜಿಗಿದಳು. ಗ್ಯಾಲರಿಯ ಹಲಗೆಗಳು ನಡುಗಿದವು. ಒಳಗಿಂದ ಕಾಶವ್ವ, "ಯವ್ವಾ, ಕೆಳಗಿನ ಮನಿಯವರು ಬಡಿಗಿ ತರ್ತಾರ!" ಎಂದರು.

ಅಂದಿನಿಂದ ಪ್ರಫುಲ್ಲಾ ಮೊದಲರ್ಧ ಕಂಬದ ಹಿಂದೆ, ಎರಡನೇ ಅರ್ಧ ಗ್ಯಾಲರಿಯಲ್ಲಿ. ಕೆಳಗಿದ್ದಾಗ ಕಂಡದ್ದನ್ನೆಲ್ಲ ಮೇಲೆ ಹೊತ್ತು ತರುತ್ತಿದ್ದಳು. ಯಾರ ಶೂ ಹರಿದಿದೆ, ಯಾರು ಫೌಲ್ ಮಾಡಿ ಹಲ್ಲು ಕಿರಿದ, ರೆಫರಿ ಏನೆಂದು ಬೈದ. ಗದಿಗೆಪ್ಪ ಕಣ್ಣು ಅರಳಿಸಿ ಕೇಳುತ್ತಿದ್ದ. ಒಂದು ವರ್ಷದಿಂದ ಅವನಿಗೆ ಆಟ ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

"ಒಂದು ಮಾತು ಕೇಳಲಾ?" ಒಂದು ಸಂಜೆ ಅವಳೆಂದಳು. "ನಾನು ಕೆಳಗಿರುವಾಗ ನೀವು ನೋಡುವುದು ಮ್ಯಾಚನ್ನೋ, ನನ್ನನ್ನೋ?"

ಗದಿಗೆಪ್ಪ ಕೋಲಿನ ತುದಿ ನೋಡಿದ. ಕಿವಿ ಕೆಂಪೇರಿತು. "ರಿಂಗಿನ ಹಿಂದ ನಿಂತಾಕಿ ನೀವು. ಚೆಂಡು ಎಲ್ಲಿ ಸುತ್ತಿದ್ರೂ ಕಡೀಕ ನಿಮ್ಮ ಕಡೆನ ಬರ್ತದ. ನಾ ಏನು ಮಾಡ್ಲಿ?"

ಹಗ್ಗದ ಮೇಲಿನ ಸೀರೆ ಗಾಳಿಗೆ ಇಬ್ಬರ ನಡುವೆ ಬಂದಿತು. ಅದನ್ನು ಸರಿಸಲು ಎತ್ತಿದ ಅವಳ ಕೈ ಬೇಕೆಂದೇ ತಡಮಾಡಿತು. ಸರಿಸಿದಾಗ ಅವನು ಅವಳನ್ನೇ ನೋಡುತ್ತಿದ್ದ. ಕೆಳಗೆ ಆಟ ನಡೆದೇ ಇತ್ತು. ಯಾರಿಗೆ ಪಾಯಿಂಟ್ ಬಂತೆಂದು ಆ ಸಲ ಇಬ್ಬರಿಗೂ ಗೊತ್ತಾಗಲಿಲ್ಲ.

ಆದರೆ ಒಂದು ಮುಳ್ಳು ಉಳಿದೇ ಇತ್ತು. ಅಣ್ಣು ಆ ಗ್ಯಾಲರಿಯತ್ತ ಒಮ್ಮೆಯೂ ಕತ್ತೆತ್ತುತ್ತಿರಲಿಲ್ಲ.

ಸಯನ್‌ನ ತಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಕೇಳಿಯೇಬಿಟ್ಟಳು. ಅಣ್ಣು ತುತ್ತು ತಟ್ಟೆಗಿಟ್ಟ.

"ಯಾವ ಮುಖ ಹೊತ್ತು ನೋಡಲಿ? ಆಸ್ಪತ್ರೆಗೆ ಹೋಗಿದ್ದೆ. ಅವನಮ್ಮ ಅಳುತ್ತಿದ್ದದ್ದು ನೋಡಿ ಬಾಗಿಲಿಂದಲೇ ತಿರುಗಿ ಬಂದೆ. ಈಗಲೂ ಅವನು ಕೆಳಗೆ ಬರುವುದಿಲ್ಲ ಅಂದರೆ ನನ್ನ ಮೇಲೆ ಸಿಟ್ಟು ಉಂಟು ಅಂತಲೇ ಅಲ್ವಾ?"

ಮರುದಿನ ಗದಿಗೆಪ್ಪನಿಗೆ ಅದನ್ನು ಹೇಳಿದರೆ ಅವನು ಬೆರಗಾದ. "ಸಿಟ್ಟು? ನಾ ಕುಂಟಕೋತ ಎದುರಿಗೆ ಹೋದ್ರ ಅವನ ಕೈ ನಡಗ್ತದ ಅಂತ ನಾ ಇಲ್ಲೇ ಕೂತೀನ್ರೀ. ಡಾಕ್ಟರು ನಡೀ ಅಂತಾರ. ಅವ್ವ ಮೆಟ್ಟಲಾ ಇಳಿಯಗೊಡೂದಿಲ್ಲ. ನನಗೂ ಅದ ನೆವ ಸಾಕಾಗೇದ."

"ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಒಂದು ವರ್ಷ ಕಳೆದಿರಾ?" ಪ್ರಫುಲ್ಲಾಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಭಾನುವಾರ ಫೈನಲ್. ಈ ಕೋರ್ಟಿನಲ್ಲಲ್ಲ, ನಾಗಪಾಡದಲ್ಲಿ. ಅಲ್ಲಿಗೆ ನಿಮ್ಮ ಗ್ಯಾಲರಿ ಬರುವುದಿಲ್ಲ. ನೀವೇ ಬರಬೇಕು."

ಭಾನುವಾರ ಪ್ರಫುಲ್ಲಾ ಕರೆಯಲು ಬಂದಾಗ ಕಾಶವ್ವ ಬಾಗಿಲಿಗೆ ಅಡ್ಡ ನಿಂತರು. "ಟ್ರಾಮಿನ್ಯಾಗ ಮಂದಿ ದಬ್ಬತಾರ. ಮತ್ತ ಬಿದ್ರ ಏನು ಗತಿ? ಬ್ಯಾಡ."

ಗದಿಗೆಪ್ಪ ಕೋಲು ಊರಿ ಎದ್ದ. ತಾಯಿಯ ಹೆಗಲು ಮುಟ್ಟಿದ. ಕಾಶವ್ವ ಸರಿದು ದಾರಿ ಬಿಟ್ಟರು, ಆದರೆ ಮುಖ ಗೋಡೆಗೆ ತಿರುಗಿಸಿ.

ಮೆಟ್ಟಿಲಿನ ಕತ್ತಲಲ್ಲಿ ಅವನು ಅವಳ ಕೈ ಬೇಡವೆಂದ. ಎರಡನೇ ಮಾಳಿಗೆಯಲ್ಲಿ ಬೆವರು ಒರೆಸಿಕೊಂಡು ನಿಂತ. ಆಮೇಲೆ ಕೇಳದೆಯೇ ಅವಳ ಹೆಗಲ ಮೇಲೆ ಕೈಯಿಟ್ಟ. ಕಿಂಗ್ಸ್ ಸರ್ಕಲ್‌ನಲ್ಲಿ ಟ್ರಾಮ್ ಹತ್ತುವವರೆಗೂ ಆ ಕೈ ಅಲ್ಲೇ ಇತ್ತು. ಕೆಳಗಿಳಿಸಲು ಅವನಿಗೂ ನೆನಪಾಗಲಿಲ್ಲ, ನೆನಪಿಸಲು ಅವಳಿಗೂ ಮನಸ್ಸಾಗಲಿಲ್ಲ.

ನಾಗಪಾಡದ ಕೋರ್ಟಿನ ಸುತ್ತ ಇರುವೆ ನುಸುಳಲೂ ಜಾಗವಿರಲಿಲ್ಲ. ಕೋಲು ಕಂಡು ಜನ ದಾರಿ ಬಿಟ್ಟರು. ಇಬ್ಬರೂ ಗೆರೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು.

ಆಟದ ನಡುವೆ ಅಣ್ಣು ಅವನನ್ನು ಕಂಡ. ಕಂಡವನು ಕಲ್ಲಾದ. ಕೈಯಲ್ಲಿದ್ದ ಚೆಂಡನ್ನು ಎದುರಿನವರು ಕಿತ್ತುಕೊಂಡರು. ಮುಂದಿನ ಎರಡು ಶಾಟ್ ರಿಂಗಿಗೂ ತಾಗಲಿಲ್ಲ. ಗೋಡೆ ಹತ್ತಿ ಕೂತಿದ್ದ ಕಾಲೇಜಿನ ಹುಡುಗರು ಕೂಗಾಡತೊಡಗಿದರು.

"ನಾ ಹೇಳಿದ್ದಿಲ್ಲ?" ಗದಿಗೆಪ್ಪನ ಮುಖ ಬಿಳಿಚಿತು. "ನಾ ಹೊರಗ ಹೋಗ್ತೀನ್ರೀ."

ಪ್ರಫುಲ್ಲಾಗೂ ಗೊತ್ತಿತ್ತು. ಸೋತರೆ ತಪ್ಪು ತನ್ನದೇ. ಆದರೂ ಅವನ ಮಣಿಕಟ್ಟು ಹಿಡಿದಳು. "ಕೂತ್ಕೊಳ್ಳಿ. ಈಗ ಎದ್ದು ಹೋದರೆ ಅವನು ಇನ್ನು ಯಾವತ್ತೂ ಆಡುವುದಿಲ್ಲ."

ಗದಿಗೆಪ್ಪ ಅವಳ ಕೈ ನೋಡಿದ, ಕೋರ್ಟು ನೋಡಿದ. ಆಮೇಲೆ ಇಡೀ ನಾಗಪಾಡಕ್ಕೆ ಕೇಳುವ ಹಾಗೆ ಕೂಗಿದ. "ಏ ಅಣ್ಣ್ಯಾ! ಹೋದದ್ದು ನನ್ನ ಕಾಲು, ನಿನ್ನ ಕೈಗೇನಾಗೇದ? ಆಡಲೇ!"

ಅಣ್ಣು ತೋಳಿನಿಂದ ಕಣ್ಣು ಒರೆಸಿಕೊಂಡ. ಜನ ಅದನ್ನು ಬೆವರೆಂದುಕೊಂಡರು. ಆಮೇಲೆ ಅವನು ಆಡಿದ ಆಟವೇ ಬೇರೆ. ನೋಡಿದವರು ಎಷ್ಟೋ ಕಾಲ ಅದರ ಮಾತಾಡಿದರು. ಗದಿಗೆಪ್ಪ "ಎಡಕ್ಕ!" ಎಂದರೆ ಎಡಕ್ಕೆ, "ಹಾರು!" ಎಂದರೆ ಆಕಾಶಕ್ಕೆ. ಪ್ರಫುಲ್ಲಾ ಕೂಗಿ ಕೂಗಿ ಗಂಟಲು ಕಳೆದುಕೊಂಡಳು.

ಆದರೂ ಸೋತರು. ಒಂದೇ ಒಂದು ಬಾಸ್ಕೆಟಿನಿಂದ.

ಗೆದ್ದು ಕಪ್ ಎತ್ತಿದವರ ಗದ್ದಲದ ನಡುವೆ ಅಣ್ಣು ನೇರ ಇವರ ಬಳಿ ಬಂದು ಮಂಡಿಯೂರಿ, ಗೆಳೆಯನ ಹೆಗಲಿಗೆ ತಲೆಯಿಟ್ಟ. ತಲೆಯೆತ್ತಿದಾಗ ಅಣ್ಣುವಿನ ಕಣ್ಣು ಕೆಳಗೆ ಬಿತ್ತು. ತಂಗಿಯ ಬೆರಳುಗಳು ಇನ್ನೂ ಆ ಮಣಿಕಟ್ಟಿನ ಸುತ್ತಲೇ ಇದ್ದವು.

"ಮ್ಯಾಚ್ ಮುಗೀತು ಪ್ರಫುಲ್ಲಾ" ಎಂದ. "ಇನ್ನು ಬಿಡಬಹುದಲ್ಲ?"

ಅವಳಿಗೆ ದನಿ ಇರಲಿಲ್ಲ. ತಲೆ ಅಲ್ಲಾಡಿಸಿದಳು, ಇಲ್ಲವೆಂದು. ಗದಿಗೆಪ್ಪ ತನ್ನ ಇನ್ನೊಂದು ಕೈಯನ್ನು ಅವಳ ಕೈ ಮೇಲಿಟ್ಟ.

ಅಣ್ಣು ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದ. "ಅಪ್ಪನ ಹತ್ತಿರ ನಾನು ಮಾತಾಡ್ತೇನೆ."

"ಬೇಡ" ಎಂದಳು ಪ್ರಫುಲ್ಲಾ, ಒಡೆದ ಗಂಟಲಲ್ಲಿ. "ನಾನೇ ಆಡ್ತೇನೆ."

ಆಡಿದಳು. ಅಪ್ಪ ನಡೆಸುತ್ತಿದ್ದ ಹೋಟೆಲಿನ ಗಲ್ಲಾದ ಮುಂದೆ, ಗಿರಾಕಿಗಳು ಖಾಲಿಯಾದ ಮಧ್ಯಾಹ್ನ. ಉಡುಪಿಯ ಅಪ್ಪನಿಗೆ ಧಾರವಾಡದ ಲಿಂಗವಂತರ ಹುಡುಗನೆಂದರೆ ಬೇರೆಯೇ ದೇಶ. ಎಷ್ಟೋ ದಿನ ಅವರು ಮಗಳ ಮುಖ ನೋಡಲಿಲ್ಲ. ಒಂದು ದಿನ ತಾವಾಗಿಯೇ ಕೇಳಿದರು. "ಆ ಮನೆಯಲ್ಲಿ ಮೀನಿನ ಹೆಸರೂ ಎತ್ತಲಿಕ್ಕಿಲ್ಲ. ಇರ್ತೀಯಾ?"

"ತವರಿಗೆ ಬಂದಾಗ ತಿನ್ನುತ್ತೇನೆ" ಎಂದಳು. ಅಪ್ಪ ನಗು ಅಡಗಿಸಲು ಗೋಡೆಯ ದೇವರ ಪಟದತ್ತ ತಿರುಗಿದರು.

ಕಾಶವ್ವನ ಮುಂದೆ ನಿಂತಾಗ ಮಾತ್ರ ಅವಳ ಧೈರ್ಯವೆಲ್ಲ ಸೋರಿಹೋಯಿತು. ಗದಿಗೆಪ್ಪನೂ ಪಕ್ಕದಲ್ಲಿ ಕೋಲು ಊರಿ ತಲೆ ತಗ್ಗಿಸಿ ನಿಂತಿದ್ದ. ಎಲ್ಲವನ್ನೂ ಕೇಳಿ ಕಾಶವ್ವ ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಹೊರಬಂದಾಗ ಕೈಯಲ್ಲಿ ಕುಪ್ಪಸದ ಒಂದು ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು.

"ಸೆರಗು ಹಿಡಿ ತಂಗಿ."

ಪ್ರಫುಲ್ಲಾ ಸೆರಗು ಒಡ್ಡಿದಳು. ಕಾಶವ್ವ ಉಡಿ ತುಂಬುತ್ತಾ ಕಣ್ಣೀರು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟರು.

"ನಾ ಅಂಜಿ ಅಂಜಿ ನನ್ನ ಮಗನ್ನ ಕುರ್ಚಿ ಮ್ಯಾಲ ಕೂಡಿಸಿಬಿಟ್ಟಿದ್ದೆ" ಎಂದರು. "ನೀ ಅವನ್ನ ಅಡ್ಡಾಡಸು."