ಕೋಟು ತೊಟ್ಟ ಬೆನ್ನು

ಲಾಯಕ್ಕೆ ಮೊದಲ ಸಲ ಒಬ್ಬ ಕೆಲಸದವನನ್ನು ಇಟ್ಟುಕೊಳ್ಳುತ್ತೇನೆ ಎಂದು ಅವಳು ಹೇಳಿದಾಗ ನಾದಿನಿ ಕಣ್ಣು ಮಿಟುಕಿಸಿದಳು.

"ಕುದುರೆ ನೋಡ್ಕೊಳ್ಳೋಕಾ ಅತ್ತಿಗೆ, ನಿನ್ನ ನೋಡ್ಕೊಳ್ಳೋಕಾ?"

"ನನ್ನ ಸೊಂಟ ಬಿದ್ದುಹೋಗಿದೆ ಕಣೆ. ಹುಲ್ಲಿನ ಕಟ್ಟು ಹೊರೋಕೆ ನೀನು ಬರ್ತೀಯಾ?"

ಗಂಡ ತೀರಿಹೋದ ಮೇಲೆ ಎಲ್ಲವನ್ನೂ ಅವಳೊಬ್ಬಳೇ ಮಾಡಿದ್ದಳು. ಅವನ ಹಳೆಯ ಕೋಟು ತೊಟ್ಟೇ ಲಾಯದೊಳಗೆ ಕಾಲಿಡುತ್ತಿದ್ದಳು. ಆ ಕೋಟಿನ ವಾಸನೆ ಇಲ್ಲದಿದ್ದರೆ ಗಂಡ ಸಾಕಿದ ಕಪ್ಪು ಕುದುರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂದು ಅವಳ ನಂಬಿಕೆ. ಹಾಗಾಗಿ ಹೊಸಬ ಬಂದ ದಿನವೇ ಕೋಟನ್ನು ಅವನ ಕೈಗಿತ್ತಳು.

"ಸಂಬಳದ ಜೊತೆ ಕೋಟೂ ಉಂಟಾ ಮೇಡಂ?"

"ಇಲ್ಲ. ಸಂಜೆ ವಾಪಸ್ ಕೊಡ್ಬೇಕು."

ಅವನು ನಕ್ಕ. ನಗುವಾಗ ಒಂದೇ ಕಣ್ಣು ಕಿರಿದಾಗುತ್ತಿತ್ತು. ಅವಳು ನೋಡದ ಹಾಗೆ ನೋಡಿದಳು.

ಕೋಟು ಅವನಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಎಡವಟ್ಟಾದದ್ದೇ ಅಲ್ಲಿ. ಮಂಜು ಮುಸುಕಿದ ಬೆಳಗಿನಲ್ಲಿ, ಬಕೆಟ್ ಹಿಡಿದು ನಡೆಯುವ ಆ ಬೆನ್ನು ಅಡುಗೆಮನೆಯ ಕಿಟಕಿಯಿಂದ ಗಂಡನದೇ ಆಗಿ ಕಾಣುತ್ತಿತ್ತು. ತಿರುಗದಿರಲಿ ಎಂದುಕೊಳ್ಳುವಳು. ತಿರುಗಲಿ ಎಂದೂ.

ಒಂದು ಬೆಳಿಗ್ಗೆ ಬಾಯಿ ಜಾರಿತು.

"ರೀ, ಟೀ ಆರ್ತಿದೆ. ಕುದುರೆ ಸಿಕ್ರೆ ಹೆಂಡ್ತಿ ಮರ್ತೇಹೋಗ್ತಾಳಾ?"

ಬೆನ್ನು ನಿಂತಿತು. ಅವನು ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ.

"ಇದು ನನಗೆ ಹೇಳಿದ್ದಲ್ಲ, ಅಲ್ವಾ?"

ಅವಳು ಟೀ ಲೋಟವನ್ನು ಕಿಟಕಿಯಲ್ಲೇ ಇಟ್ಟು ಹೊರಬಂದಳು.

ಅವನು ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿದ. "ನನಗೇ ಹೇಳ್ಲಿ ಅಂತ ಆಸೆ ಮೇಡಂ. ಸುಳ್ಳು ಯಾಕೆ? ಆದ್ರೆ ಇದನ್ನ ಹಾಕ್ಕೊಂಡು ಕೇಳಿಸ್ಕೊಳ್ಳಲ್ಲ. ನನ್ನನ್ನ ನಾನಾಗೇ ಕುದುರೆ ಒಪ್ಪದಿದ್ರೆ ಇವತ್ತೇ ಹೊರಡ್ತೀನಿ."

"ಬೇಡ, ಒದೆಯುತ್ತೆ!"

ಅವನು ಆಗಲೇ ಒಳಗೆ ಹೋಗಿದ್ದ. ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿ ಅವನ ತೋಳಿಗೆ ಬಾಯಿ ಹಾಕಿತು. ಶರ್ಟು ಹರಿಯಿತು. ಅವನು ಕೈ ಎಳೆದುಕೊಳ್ಳಲಿಲ್ಲ, ಕದಲಲೂ ಇಲ್ಲ.

ಅವಳು ಓಡಿಬಂದು ನಡುವೆ ನಿಂತಳು. ಆಮೇಲೆಯೇ ಅವಳಿಗೆ ಅರಿವಾದದ್ದು, ತನ್ನ ಮೈಮೇಲೂ ಕೋಟಿಲ್ಲ. ಕುದುರೆ ಮೂಗು ಚಾಚಿತು, ಅವಳ ಕತ್ತನ್ನು ಮೂಸಿ ಬಿಸಿಯುಸಿರು ಬಿಟ್ಟಿತು. ತಲೆಯನ್ನು ಅವಳ ಹೆಗಲಿಗಿಟ್ಟಿತು.

ಇಷ್ಟು ದಿನವೂ ಆ ಕೋಟಿನಲ್ಲಿ ಅದು ಗುರುತಿಸಿದ್ದು ಅವಳನ್ನೇ!

ಅವಳು ಅವನ ಕೈಯನ್ನು ಹಿಡಿದು, ತನ್ನ ಕೈಯಡಿಯಲ್ಲೇ ಕುದುರೆಯ ಕತ್ತಿನ ಮೇಲಿಟ್ಟಳು. ಕುದುರೆ ನಡುಗಿತು, ಮತ್ತೆ ಸುಮ್ಮನಾಯಿತು.

ಕುದುರೆ ಮೆಲ್ಲನೆ ತಲೆಯೆತ್ತಿ ಅವರಿಬ್ಬರ ಹೆಗಲಾಚೆ ನೋಡಿತು. ಅಲ್ಲಿ ಬರೀ ಮಂಜು. ಆದರೂ ಅದರ ಕಣ್ಣು, ನಡೆದುಹೋಗುತ್ತಿರುವ ಯಾರನ್ನೋ ಹಿಂಬಾಲಿಸುವಂತೆ, ನಿಧಾನಕ್ಕೆ ಬಾಗಿಲಿನಾಚೆ ಸರಿಯಿತು.

ಅವಳು ಹಿಂತಿರುಗಿ ನೋಡಲಿಲ್ಲ. "ರೀ, ಹುಷಾರಾಗಿ ಹೋಗಿ," ಎಂದಳು ಪಿಸುದನಿಯಲ್ಲಿ.

"ಯಾರು? ನಾನಾ?"

"ನೀವಲ್ಲ," ಎಂದಳು ಅವನ ಮುಖವನ್ನೇ ನೋಡುತ್ತಾ. "ನೀವು ಇರಿ."