ಗೀರು ಇಲ್ಲದ ರೆಕಾರ್ಡು

ಲೈಬ್ರರಿಯಲ್ಲಿ ಹನ್ನೊಂದು ವರ್ಷ ಪಟ್ಟಿ ಬರೆದವಳು ನಾನು. ನನ್ನ ಎಣಿಕೆ ತಪ್ಪುವ ಮಾತೇ ಇಲ್ಲ. ಆದರೆ ಆ ಮನೆಯಲ್ಲಿ ತಪ್ಪಿತು.

ತನ್ನ ಸೋದರತ್ತೆಯ ಗ್ರಾಮಫೋನ್ ರೆಕಾರ್ಡುಗಳಿಗೆ ಪಟ್ಟಿ ಮಾಡಿಕೊಡಿ ಎಂದು ಗಡಿಯಾರ ರಿಪೇರಿಯವನು ಕರೆದಿದ್ದ. ಲೇಬಲ್ಲನ್ನೆಲ್ಲ ಜಿರಲೆ ತಿಂದಿತ್ತು. ಮೊದಲ ದಿನ ಎಣಿಸಿದಾಗ ನೂರಾ ನಲವತ್ತು. ದಿನಕ್ಕೆ ಹತ್ತರಂತೆ ಹದಿನಾಲ್ಕು ದಿನ ಬರೆದೆ. ಹದಿನೈದನೆಯ ದಿನ ಮೇಜಿನ ಮೇಲೆ ಇನ್ನೂ ಏಳು ಕೂತಿದ್ದವು!

ಅತ್ತೆಗೆ ಕಣ್ಣು ಕಾಣದು. ಅವನು ರೆಕಾರ್ಡಿನ ಮೇಲೆ ಗ್ರಾಮಫೋನಿನ ಮುಳ್ಳು ಇಡುತ್ತಿದ್ದ. ಹಾಡು ಶುರುವಾಗುವ ಮೊದಲಿನ ಕರಕರ ಸದ್ದಿಗೇ ಅವರು ಹೇಳಿಬಿಡುತ್ತಿದ್ದರು.

"ಎರಡು ಟಿಕ್, ಆಮೇಲೊಂದು ಟಕ್. ಇವನಪ್ಪ ಚಿಕ್ಕೋನಿದ್ದಾಗ ತಟ್ಟೆ ಅಂತ ಊಟಕ್ಕೆ ಹಾಕ್ಕೊಂಡು ಕೂತಿದ್ದ ರೆಕಾರ್ಡು ಇದು. ಪಿಟೀಲು. ಬರ್ಕೋಮ್ಮ."

ಮರುಕ್ಷಣ ಪಿಟೀಲು ಕೇಳಿಸುತ್ತಿತ್ತು. ದಿನಕ್ಕೆ ಹತ್ತು ಸಲ ಮೈ ಜುಮ್ಮೆಂದರೂ ನನಗೆ ಅಭ್ಯಾಸವಾಗಲಿಲ್ಲ. ಒಂದೊಂದು ಗೀರಿಗೂ ಆ ತಲೆಯೊಳಗೆ ಒಂದು ಜಾಗವಿತ್ತು. ನಮ್ಮ ಇಡೀ ಲೈಬ್ರರಿ ಅದರ ಮುಂದೆ ಏನೇನೂ ಅಲ್ಲ.

ಇನ್ನೊಂದು ಸೋಜಿಗ ಅವನ ಕೈ. ಕೂದಲೆಳೆಯಷ್ಟು ಸ್ಪ್ರಿಂಗ್ ಕೂರಿಸುವ ಬೆರಳುಗಳು. ನಡುಗಿದ್ದನ್ನು ನಾನು ಕಂಡಿಲ್ಲ. ಮುಳ್ಳು ಇಟ್ಟು ನನ್ನನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಚಾವಣಿ ನೋಡುತ್ತಿದ್ದ.

"ಮೇಲೇನು, ಗಡಿಯಾರ ಇದ್ಯಾ?" ಎಂದು ಒಮ್ಮೆ ಕೇಳಿದೆ.

"ಜೇಡ ಇದೆ," ಎಂದ.

ಜೇಡವೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಆ ಏಳರಲ್ಲಿ ಆರಕ್ಕೆ ಅತ್ತೆ ಹಾಡು ಶುರುವಾದ ಮೇಲಷ್ಟೇ ಹೆಸರು ಹೇಳಿದರು. ಕೊನೆಗೆ ಒಂದೇ ರೆಕಾರ್ಡು ಉಳಿಯಿತು. ಇದಾದ ಮೇಲೆ ಈ ಮನೆಗೆ ಬರಲು ನನಗೆ ಯಾವ ನೆಪವೂ ಇಲ್ಲ. ಅವನು ಬಾಯಿ ಬಿಡುವ ಆಸಾಮಿಯಲ್ಲ, ನನಗೋ ಹಾಳು ಬಿಗುಮಾನ.

ಮುಳ್ಳು ಇಳಿಯಿತು. ಇದಕ್ಕೂ ಕರಕರ ಇಲ್ಲ. ನೇರವಾಗಿ ಹಾಡೇ ಬಂತು, ಮೊದಲ ದಿನ ಧೂಳು ಒರೆಸುತ್ತ ನಾನು ಗುನುಗಿದ್ದ ಹಾಡು.

"ಇದು ನನ್ನದಲ್ಲ," ಎಂದರು ಅತ್ತೆ.

ಅವನ ಕಿವಿ ಕೆಂಪಗಾಯಿತು.

"ಒಂದು ಗೀರೂ ಇಲ್ಲ. ಅಂಗಡಿಯಿಂದ ಈಗಷ್ಟೇ ತಂದಿದ್ದು. ಇದೂ ಸೇರಿ ಏಳಾಯ್ತು ಕಣೋ, ಪಾಪ ಅಂತ ಸುಮ್ನಿದ್ದೆ. ಲೇಬಲ್ ಕಿತ್ತು ಕಿತ್ತು ಆ ಹುಡುಗಿಗೆ ಇನ್ನೆಷ್ಟು ದಿನ ಲೆಕ್ಕ ತಪ್ಪಿಸ್ತೀಯಾ?"

"ನಿಜಾನಾ?" ಎಂದೆ.

ಈ ಸಲ ಅವನು ಚಾವಣಿ ನೋಡಲಿಲ್ಲ. "ಕೆಲಸ ಮುಗಿದ್ರೆ ನೀವು ಹೋಗ್ಬಿಡ್ತೀರಲ್ಲ. ನೀವು ಬರದೆ ಇದ್ರೆ ನಂಗೆ ಆಗಲ್ಲ."

ನನ್ನ ಎಣಿಕೆಯನ್ನು ನಾನೇ ಅನುಮಾನಿಸುವಂತೆ ಮಾಡಿದ್ದನಲ್ಲ, ಕಳ್ಳ! ಬೈಯಲು ಬಾಯಿ ತೆರೆದರೆ ಕಣ್ಣು ತುಂಬಿ ಬಂತು. ಪಟ್ಟಿಯಲ್ಲಿ 'ಯಾರದು' ಎಂಬ ಕಾಲಂ ಇದೆ. ಮೇಲಿನಿಂದ ಕೆಳಗಿನವರೆಗೂ 'ಅತ್ತೆ' ಎಂದೇ ಬರೆದಿದ್ದೆ. ಕೊನೆಯ ಸಾಲಿನಲ್ಲಿ ಬೇರೆ ಬರೆದು ಪುಸ್ತಕವನ್ನು ಅವನ ಮುಂದೆ ತಳ್ಳಿದೆ.

"ಏನಂತೆ? ಜೋರಾಗಿ ಓದೋ," ಎಂದರು ಅತ್ತೆ.

ಅವನು ಮುಳ್ಳು ಎತ್ತುತ್ತ ಓದಿದ. "ನಮ್ಮಿಬ್ಬರದು."

ಆ ಕೈ ನಡುಗಿತು. ಮುಳ್ಳು ಜಾರಿ ಪರ್ರೆಂದಿತು.

ಅತ್ತೆ ಮನಸಾರೆ ನಕ್ಕರು. "ಬಿತ್ತು ನೋಡು ಗೀರು! ಇನ್ನು ಇದನ್ನ ಎಲ್ಲಿದ್ರೂ ಗುರುತು ಹಿಡೀತೀನಿ."

ನಾನು ಅದನ್ನೂ ಬರೆದುಕೊಂಡೆ. ಅವನು ಹಾಡನ್ನು ಮತ್ತೆ ಮೊದಲಿನಿಂದ ಹಾಕಿದ.